ಕರೆಂಟಿಲ್ಲದ ದಿನಗಳ ಕಂಪ್ಯೂಟರ್: ಜಾವಳಿಯ ದಿನಚರಿಯಿಂದ

ಜೂನ್ 14, 2025, ಶನಿವಾರ

ತೋಟದ ಕೂಲಿ ಬಟವಾಡೆಯ ದಿನ. ಕರೆಂಟು ನಿನ್ನೆ ರಾತ್ರಿಯೇ ಹೋಗಿದೆ. ಗಾಳಿಗೆ ಎಲ್ಲೋ ಸಿಲ್ವರ್ ಮರ ತಂತಿಯ ಮೇಲೆ ಬಿದ್ದಿರಬೇಕು. ಈ ಮಳೆಯಲ್ಲಿ ಲೈನ್‌ಮನ್‌ಗಳು ಕಾಡು ನುಗ್ಗಿ, ಬಿದ್ದ ಜಾಗ ಹುಡುಕಿ, ಮರ ಕೊಯ್ದು ತಂತಿ ಎಳೆಯುವುದೆಂದರೆ ಸಣ್ಣ ಕೆಲಸವಲ್ಲ. ನಾಳೆ ಬಂದರೂ ಪುಣ್ಯ.

ಮೂರು ಗಂಟೆಗೇ ಮನೆಯೊಳಗೆ ಕತ್ತಲು. ಜಗಲಿಯ ಬೆಂಚಿನ ಮೇಲೆ ಕೂತು ಲ್ಯಾಪ್‌ಟಾಪಿನಲ್ಲಿ ಚೆಕ್‌ರೋಲ್ ತೆರೆದೆ. ವಾರದ ಹಾಜರಿ, ಅರ್ಧ ದಿನದವರು, ಮುಂಗಡ ತೆಗೆದುಕೊಂಡವರು, ಚಿಗುರು ತೆಗೆಯಲು ಬಂದವರು, ಮರಗಸಿಗೆ ಬಂದವರು, ಎಲ್ಲವೂ ಕೂಡಿ ಕಳೆದು ಕೊನೆಯ ಮೊತ್ತ ಬಂತು. ಇದರ ಮುಚ್ಚಳದ ಮೇಲಂಚಿನಲ್ಲಿ ಒಂದು ಪುಟ್ಟ ದೀಪವಿದೆ. ಎರಡು ಕೀಲಿ ಒಟ್ಟಿಗೆ ಒತ್ತಿದರೆ ಕೀಲಿಮಣೆಯ ಮೇಲೆ ಬೆಳಕು ಬೀಳುತ್ತದೆ. ಆ ಬೆಳಕಿನಲ್ಲೇ ನೋಟು ಎಣಿಸಿ ಕೊಟ್ಟೆ. ಯಾರನ್ನೂ "ಸೋಮವಾರ ಬನ್ನಿ" ಎಂದು ಕಳಿಸಬೇಕಾಗಲಿಲ್ಲ. ಬಟವಾಡೆ ತಪ್ಪಿದರೆ ಕೂಲಿಯವರ ಲೈನ್ ಮನೆಗಳಲ್ಲಿ ಆ ವಾರದ ಸಂತೆಯೂ ತಪ್ಪುತ್ತದೆ.

ಯಂತ್ರದ ವಿವರ ಇಲ್ಲಿ ಬರೆದಿಟ್ಟುಕೊಳ್ಳುತ್ತೇನೆ, ಮುಂದೆ ಬೇಕಾಗುತ್ತದೆ. ಥಿಂಕ್‌ಪ್ಯಾಡ್ ಎಕ್ಸ್230, 2012ರ ಮಾದರಿ. ಹನ್ನೆರಡೂವರೆ ಇಂಚಿನ ಪರದೆ, ತೂಕ ಒಂದೂವರೆ ಕಿಲೋ ಆಸುಪಾಸು, 8 ಜಿಬಿ ಮೆಮೊರಿ, ಹಳೆಯ ಹಾರ್ಡ್‌ಡಿಸ್ಕಿನ ಜಾಗದಲ್ಲಿ ಈಗ 240 ಜಿಬಿಯ ಎಸ್‌ಎಸ್‌ಡಿ. ಯಾವುದೋ ಕಂಪನಿಯ ಆಫೀಸಿನಲ್ಲಿ ವರ್ಷಗಟ್ಟಲೆ ದುಡಿದು, ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿ ಸೇರಿ, ಅಲ್ಲಿಂದ ತಮ್ಮನ ಮಗನ ಕೈಲಿ ನಮ್ಮ ಮನೆಗೆ ಬಂತು. ಕೊಟ್ಟ ದುಡ್ಡು ಒಂದು ಸಾಧಾರಣ ಹೊಸ ಮೊಬೈಲಿನ ಬೆಲೆಗಿಂತ ಕಡಿಮೆ. ಒಳಗೆ ಓಡುತ್ತಿರುವುದು ಲಿನಕ್ಸ್: ಡೆಬಿಯನ್ 12, ಅದರ ಮೇಲೆ ಎಕ್ಸ್‌ಎಫ್‌ಸಿಇ ಎಂಬ ಹಗುರ ಡೆಸ್ಕ್‌ಟಾಪ್. ಅದಕ್ಕೆ ಒಂದು ಪೈಸೆ ಕೊಟ್ಟಿಲ್ಲ, ಕದ್ದದ್ದೂ ಅಲ್ಲ. ಹಂಚಿ ಬಳಸಿ ಎಂದೇ ಬರೆದವರು ಕೊಟ್ಟಿದ್ದಾರೆ.

ಜೂನ್ 15, ಭಾನುವಾರ

ಕರೆಂಟು ಬಂದಿಲ್ಲ.

ಮಾವನ ಮಳೆ ಪುಸ್ತಕವನ್ನು ಟೈಪ್ ಮಾಡುವುದು ಮುಂದುವರಿಸಿದೆ. ಅವರು ತೀರಿಕೊಂಡ ಮೇಲೆ ಕಬ್ಬಿಣದ ಪೆಟ್ಟಿಗೆಯಲ್ಲಿ ಸಿಕ್ಕಿದ ರಿಜಿಸ್ಟರುಗಳು ಇವು. ಬೆಳಗ್ಗೆ ಎದ್ದು ಕೊಡೆ ಹಿಡಿದು ಅಂಗಳದ ಮಳೆಮಾಪಕದ ಹತ್ತಿರ ಹೋಗಿ, ಗಾಜಿನ ಲೋಟದಲ್ಲಿ ಅಳೆದು, ಇಂಚು ಮತ್ತು ಸೆಂಟ್ಸ್ ಲೆಕ್ಕದಲ್ಲಿ ಬರೆಯುತ್ತಿದ್ದರು. ಈ ಕಡೆಯ ತೋಟದವರು ಇವತ್ತಿಗೂ ಮಿಲಿಮೀಟರ್ ಮಾತಾಡುವುದಿಲ್ಲ, ಕೊಟ್ಟಿಗೆಹಾರದ ಹೋಟೆಲಿನಲ್ಲಿ ಕೂತರೆ "ನಿಮ್ಮಲ್ಲಿ ಎಷ್ಟು ಇಂಚಾಯ್ತು?" ಎಂಬುದೇ ಮೊದಲ ಪ್ರಶ್ನೆ. ನೂರು ಸೆಂಟ್ಸಿಗೆ ಒಂದು ಇಂಚು, ಇಂಚಿಗೆ 25.4 ಮಿಲಿಮೀಟರ್. ಲಿಬ್ರೆಆಫೀಸಿನ ಹಾಳೆಯಲ್ಲಿ ಒಂದು ಕಂಬಕ್ಕೆ ಮಾವನ ಅಂಕಿ, ಪಕ್ಕದ ಕಂಬಕ್ಕೆ ಮಿಲಿಮೀಟರ್ ತಾನೇ ಬರುವ ಹಾಗೆ ಸೂತ್ರ.

ಬರಿಯ ಜೂನ್ ಜುಲೈ ಮಳೆಯಲ್ಲ, ಮಾರ್ಚ್ ಏಪ್ರಿಲಿನ ಹೂ ಮಳೆಯೂ ಅದರ ನಂತರದ ಬ್ಯಾಕಿಂಗ್ ಮಳೆಯೂ ಇದರಲ್ಲಿವೆ. ಯಾವ ವರ್ಷ ಯಾವ ದಿನ ಹೂ ಮಳೆ ಬಂತು, ಬ್ಯಾಕಿಂಗ್ ಮಳೆ ಎಷ್ಟು ತಡವಾಯಿತು, ಆ ವರ್ಷ ಫಸಲು ಏನಾಯಿತು. ಕಾಫಿಯವರ ಬದುಕು ಇಷ್ಟೇ ಅಂಕಿಗಳ ಮೇಲೆ ನಿಂತಿದೆ. 2019ರ ಆಗಸ್ಟಿನ ಒಂದು ಪುಟದಲ್ಲಿ ಅಂಕಿಯೇ ಇಲ್ಲ. "ಅಳತೆಗೆ ಸಿಗಲಿಲ್ಲ, ಮಾಪಕ ತುಂಬಿ ಚೆಲ್ಲಿದೆ" ಎಂದಷ್ಟೇ ಬರೆದಿದ್ದಾರೆ. ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಜಾರಿ ಮನೆ ತೋಟ ಎಲ್ಲ ಕೊಚ್ಚಿಹೋದ, ಚಾರ್ಮಾಡಿ ಘಾಟಿ ಮುಚ್ಚಿಹೋದ ವಾರವದು. ಆ ಚೌಕವನ್ನು ಖಾಲಿ ಬಿಟ್ಟು ಪಕ್ಕದಲ್ಲಿ ಅವರ ಮಾತನ್ನೇ ಹಾಗೇ ಟೈಪ್ ಮಾಡಿದೆ. ಅಲ್ಲಿ ಸೊನ್ನೆ ಹಾಕಿದರೆ ಸುಳ್ಳಾಗುತ್ತದೆ.

ಕಡತವನ್ನು ಎರಡು ರೂಪದಲ್ಲಿ ಉಳಿಸುತ್ತೇನೆ: ಒಂದು ಲಿಬ್ರೆಆಫೀಸಿನದು, ಇನ್ನೊಂದು ಬರೀ ಅಲ್ಪವಿರಾಮಗಳಿಂದ ಬೇರ್ಪಟ್ಟ ಸಾದಾ ಅಕ್ಷರದ ಕಡತ. ಎರಡನೆಯದನ್ನು ತೆರೆಯಲು ಯಾವ ಕಂಪನಿಯ ತಂತ್ರಾಂಶವೂ ಬೇಡ. ಮಾವನ ಕೈಬರಹ ಇಷ್ಟು ವರ್ಷ ಬಾಳಿದ ಮೇಲೆ ನನ್ನ ಕಡತ ಐದು ವರ್ಷಕ್ಕೆ ತೆರೆಯದೆ ಹೋಗಬಾರದು.

ಜೂನ್ 17, ಮಂಗಳವಾರ

ಬ್ಯಾಟರಿ ಕೆಂಪಾಯಿತು. ಇನ್ವರ್ಟರೂ ಮುಗಿದಿದೆ. ಮೇಲಿನ ಮನೆಗೆ ಹೋದೆ.

ಅವರಲ್ಲಿ ಹಳ್ಳದ ಟರ್ಬೈನ್ ಇದೆ. ಕಳಸ, ಮೂಡಿಗೆರೆ, ಬೆಳ್ತಂಗಡಿ ಕಡೆಯ ಒಂಟಿಮನೆಗಳಲ್ಲಿ ಇಂಥವು ಎಷ್ಟೋ ಇವೆ. ಗುಡ್ಡದ ಮೇಲೆ ಹಳ್ಳಕ್ಕೆ ಕಲ್ಲು ಕಟ್ಟಿ, ಪಿವಿಸಿ ಪೈಪಿನಲ್ಲಿ ನೀರನ್ನು ಕೆಳಗಿಳಿಸಿ, ಮೂತಿ ಸಣ್ಣ ಮಾಡಿ ಬಟ್ಟಲುಗಳಿರುವ ಚಕ್ರದ ಮೇಲೆ ಚಿಮ್ಮಿಸುತ್ತಾರೆ. ಚಕ್ರದ ಜೊತೆಗೆ ಆಲ್ಟರ್ನೇಟರ್ ತಿರುಗುತ್ತದೆ. ಇಪ್ಪತ್ತು ಮೀಟರ್ ಎತ್ತರದಿಂದ ಸೆಕೆಂಡಿಗೆ ಹತ್ತು ಲೀಟರ್ ನೀರು ಇಳಿದರೆ ಲೆಕ್ಕಕ್ಕೆ ಎರಡು ಕಿಲೋವಾಟ್ ಹತ್ತಿರ. ಪೈಪಿನ ಉಜ್ಜಾಟ, ಚಕ್ರ, ತಂತಿ ಎಲ್ಲದರಲ್ಲಿ ಕಳೆದು ಅರ್ಧ ಕೈಗೆ ಬಂದರೂ ಒಂದು ಕಿಲೋವಾಟ್. ಮನೆಗೆ ಬೇಕಾದ್ದು ಬಿಟ್ಟು ಉಳಿದದ್ದನ್ನು ನಿಯಂತ್ರಕವೇ ಒಂದು ಹೀಟರಿಗೆ ಕಳಿಸುತ್ತದೆ, ಹಾಗಾಗಿ ಓಲ್ಟೇಜು ಏರಿಳಿಯುವುದಿಲ್ಲ.

"ಬಾರಮ್ಮ ಬಾ," ಎಂದರು ಅಣ್ಣಯ್ಯ, "ಮಳೆ ಜೋರಾದಷ್ಟೂ ನಮ್ಮನೆ ಬೆಳಕು ಜೋರು. ಏನು ಬೇಕಾದ್ರೂ ಚಾರ್ಜ್ ಮಾಡ್ಕೊ."

ಅವರ ಮಾತು ನಿಜ. ಊರಿನ ಲೈನು ಸಾಯುವ ಹೊತ್ತಿಗೇ ಹಳ್ಳ ತುಂಬುವುದು. ಈ ಬೆಟ್ಟಕ್ಕೆ ಹೇಳಿ ಮಾಡಿಸಿದ ವಿದ್ಯುತ್ತು ಅದು. ನನ್ನ ಯಂತ್ರ ಟೈಪ್ ಮಾಡುವಾಗ ಎಳೆಯುವುದು ಹತ್ತು ವಾಟ್ ಒಳಗೆ, ಒಂದು ಎಲ್‌ಇಡಿ ಬಲ್ಬಿನಷ್ಟು. ನಮ್ಮ ಹಳೆಯ ಮೇಜಿನ ಕಂಪ್ಯೂಟರ್ ಮಾನಿಟರ್ ಸೇರಿ ನೂರು ವಾಟ್ ದಾಟುತ್ತಿತ್ತು. ವೈಫೈಗೆ ಬದಿಯಲ್ಲಿ ಕೈಯಿಂದ ತಳ್ಳುವ ಸ್ವಿಚ್ಚೇ ಇದೆ. ಅದನ್ನು ಬಂದ್ ಮಾಡಿ, ಪರದೆಯ ಬೆಳಕು ಇಳಿಸಿ ಕೂತರೆ ಹೊಸ ಬ್ಯಾಟರಿ ಐದಾರು ಗಂಟೆ ಬರುತ್ತದೆ. ಟಿಎಲ್‌ಪಿ ಎಂಬ ತಂತ್ರಾಂಶ ಹಾಕಿದ್ದೇನೆ. ಕರೆಂಟಿರುವ ದಿನಗಳಲ್ಲಿ ಶೇಕಡ 80ಕ್ಕೆ ಚಾರ್ಜು ನಿಲ್ಲಿಸುತ್ತದೆ, ಬ್ಯಾಟರಿಯ ಆಯಸ್ಸು ಹೆಚ್ಚುತ್ತದೆ. ಮೋಡ ಕಪ್ಪಾಗಿ ಗಾಳಿ ಎದ್ದರೆ ಒಂದು ಆಜ್ಞೆ ಕೊಟ್ಟು ಪೂರ್ತಿ ತುಂಬಿಸುತ್ತೇನೆ. ಗುಡುಗು ಶುರುವಾಗುತ್ತಿದ್ದಂತೆ ಪ್ಲಗ್ ಕಿತ್ತಿಡುವುದು ಕಡ್ಡಾಯ. ಸಿಡಿಲು ತಂತಿ ಹಿಡಿದೇ ಒಳಗೆ ಬರುತ್ತದೆ.

ಅಣ್ಣಯ್ಯನ ಮನೆಯಲ್ಲಿ ಕಾಫಿ, ಒತ್ತು ಶಾವಿಗೆ. ಮನೆಗೆ ಬರುವಾಗ ಲ್ಯಾಪ್‌ಟಾಪನ್ನು ಗೊಬ್ಬರದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕಂಬಳಿ ಕೊಪ್ಪೆಯ ಒಳಗೆ ಇಟ್ಟುಕೊಂಡು ಬಂದೆ.

ಜುಲೈ 5, ಶನಿವಾರ

ಬೀರುವಿನ ಚರ್ಮದ ಬೆಲ್ಟಿಗೆ, ಪುಸ್ತಕದ ಬೆನ್ನಿಗೆ, ಯಜಮಾನರ ಕ್ಯಾಮೆರಾ ಚೀಲಕ್ಕೆ ಬೂಷ್ಟು. ಲ್ಯಾಪ್‌ಟಾಪಿಗೆ ಇಲ್ಲ. ದಿನಾ ಒಂದು ಗಂಟೆಯಾದರೂ ಓಡಿಸುವುದರಿಂದ ಒಳಗಿನ ಬಿಸಿಗೇ ಪಸೆ ಆರುತ್ತದೆ. ರಾತ್ರಿ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡುತ್ತೇನೆ. ಪೊಟ್ಟಣಗಳನ್ನು ವಾರಕ್ಕೊಮ್ಮೆ ಬಾಣಲೆಯಲ್ಲಿ ಬೆಚ್ಚಗೆ ಮಾಡಿ ಒಣಗಿಸಬೇಕು.

ಜುಲೈ 25, ಶುಕ್ರವಾರ

ಶಾಲೆಗೆ ಮಳೆ ರಜೆ. ಕೆಳಗಿನ ಮನೆಯ ಎರಡು ಮಕ್ಕಳು, ಲೈನ್ ಮನೆಯ ಮೂವರು, ಎಲ್ಲ ನಮ್ಮ ಜಗಲಿಯಲ್ಲಿ. ಮೊಬೈಲಿಗೆ ಸಿಗ್ನಲ್ ಇಲ್ಲ. ಟವರಿನ ಬ್ಯಾಟರಿಯೂ ಮುಗಿದಿರಬೇಕು.

ಕಿವಿಕ್ಸ್ ತೆರೆದು ಕೊಟ್ಟೆ. ಇಡೀ ಕನ್ನಡ ವಿಕಿಪೀಡಿಯವನ್ನು ಒಂದೇ ಕಡತವಾಗಿ ಇಳಿಸಿಕೊಂಡು, ನೆಟ್ ಇಲ್ಲದೆ ಓದಬಹುದಾದ ತಂತ್ರಾಂಶ ಇದು. ಬೆಂಗಳೂರಿಗೆ ಹೋದಾಗ ಮಗಳ ರೂಮಿನ ವೈಫೈನಲ್ಲಿ ಇಳಿಸಿದ್ದೆ. ಕನ್ನಡ ವಿಕಿಪೀಡಿಯ 2003ರಲ್ಲಿ ಶುರುವಾದದ್ದು. ಸಂಬಳವಿಲ್ಲದೆ ಜನ ಕೂತು ಬರೆದದ್ದು. ಮಕ್ಕಳು ಮೊದಲು ಹುಡುಕಿದ್ದು ಆನೆ. ಆಮೇಲೆ ಹೇಮಾವತಿ.

"ಅತ್ತೆ, ಹೇಮಾವತಿ ಹುಟ್ಟೋದು ಇಲ್ಲೇ ಅಂತ ಇದ್ರಲ್ಲೂ ಉಂಟು!"

ಗಣಪತಿ ದೇವಸ್ಥಾನದ ಹತ್ತಿರ ದಿನಾ ನೋಡುವ ನೀರು ಸಕಲೇಶಪುರ ದಾಟಿ, ಗೊರೂರಿನ ಅಣೆಕಟ್ಟೆಯಲ್ಲಿ ನಿಂತು, ಸುಮಾರು 245 ಕಿಲೋಮೀಟರ್ ಹರಿದು ಕೃಷ್ಣರಾಜಸಾಗರದ ಹತ್ತಿರ ಕಾವೇರಿಗೆ ಸೇರುತ್ತದೆ ಎಂದು ಓದಿದ ಮೇಲೆ ಅವರಿಗೆ ತಮ್ಮ ಹಳ್ಳದ ಬಗ್ಗೆ ಬಂದ ಗೌರವ ನೋಡುವಂತಿತ್ತು. ಒಬ್ಬಳು ಕೇಳಿದಳು, ಹಾಗಾದರೆ ಮೈಸೂರಿನವರು ಕುಡಿಯುವುದು ನಮ್ಮ ಮಳೆಯಾ ಎಂದು. ಸ್ವಲ್ಪ ಹೌದು ಎಂದೆ.

ಸಂಜೆ ಸ್ಟೆಲೇರಿಯಂ ಎಂಬ ಆಕಾಶ ತೋರಿಸುವ ತಂತ್ರಾಂಶ. ಊರಿನ ಅಕ್ಷಾಂಶ 13 ಡಿಗ್ರಿಗಿಂತ ತುಸು ಮೇಲೆ, ರೇಖಾಂಶ 75ರ ಮೇಲೆ ಎಂದು ಕೊಟ್ಟಿದ್ದೇನೆ. ಈ ಹೊತ್ತಿಗೆ ಮೋಡವಿಲ್ಲದಿದ್ದರೆ ಜಾವಳಿಯ ಮೇಲೆ ಯಾವ ನಕ್ಷತ್ರ ಎಲ್ಲಿರುತ್ತಿತ್ತು ಎಂದು ಅದು ತೋರಿಸುತ್ತದೆ. ಜೂನಿನಿಂದ ಸೆಪ್ಟೆಂಬರ್ ತನಕ ಚುಕ್ಕಿ ಕಾಣದ ಊರಿನ ಮಕ್ಕಳಿಗೆ ವೃಶ್ಚಿಕ ಸಿಕ್ಕಿತು.

ಇಂಥ ತಂತ್ರಾಂಶಗಳೆಲ್ಲ ನೆಟ್ ಕೇಳದೆ ಕೆಲಸ ಮಾಡುತ್ತವೆ ಎಂಬುದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಈಗಿನ ಎಷ್ಟೋ ಯಂತ್ರಗಳು ಬಾಗಿಲಲ್ಲೇ ನಿಲ್ಲಿಸಿ, ಖಾತೆ ತೆರೆ, ಲಾಗಿನ್ ಆಗು, ನೆಟ್ ಕೊಡು ಎನ್ನುತ್ತವೆ. ನಮ್ಮ ಮಳೆಗಾಲಕ್ಕೆ ಅದು ಹೊಂದುವುದಿಲ್ಲ.

ಆಗಸ್ಟ್ 20, ಬುಧವಾರ. ಬೆಂಗಳೂರು

ನಿನ್ನೆ ಬಸ್ಸಿನಲ್ಲಿ ಬಂದೆ. ಮೂಡಿಗೆರೆಯಿಂದ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಬಸ್ಸಿನ ಸೀಟಿನಲ್ಲಿ ದೊಡ್ಡ ಲ್ಯಾಪ್‌ಟಾಪ್ ತೆರೆಯಲು ಆಗುವುದೇ ಇಲ್ಲ, ಮುಂದಿನವರು ಸೀಟು ಹಿಂದಕ್ಕೆ ಒರಗಿಸಿದರೆ ಪರದೆ ಸಿಕ್ಕಿಕೊಳ್ಳುತ್ತದೆ. ಇದು ಮಡಿಲಲ್ಲಿ ಕೂತುಕೊಳ್ಳುತ್ತದೆ. ಘಾಟಿ ತಿರುವು ಮುಗಿದು ರಸ್ತೆ ನೆಟ್ಟಗಾದ ಮೇಲೆ ಹಾಸನದ ತನಕ ಮೆಣಸಿನ ಲೆಕ್ಕ ಮುಗಿಸಿದೆ. ಚೀಲ ಬಟ್ಟೆಯದು, ಸೀರೆ, ಟವಲು, ಕಾಫಿಪುಡಿ, ಉಪ್ಪಿನಕಾಯಿ ಡಬ್ಬಿಯ ಜೊತೆ ಇದೂ. ಕಳೆದುಹೋದರೂ ಎದೆ ಒಡೆದುಕೊಳ್ಳುವ ಬೆಲೆಯಲ್ಲ, ಮತ್ತು ಒಳಗಿನದು ಯಾರಿಗೂ ಸಿಗುವುದಿಲ್ಲ: ಡೆಬಿಯನ್ ಹಾಕುವಾಗಲೇ ಡಿಸ್ಕನ್ನು ಪೂರ್ತಿ ಗೂಢಲಿಪಿಗೆ ಹಾಕುವ ಆಯ್ಕೆ ಕೇಳುತ್ತದೆ, ಗುಪ್ತಪದವಿಲ್ಲದೆ ತೆರೆಯದು. ಕೂಲಿಯವರ ಆಧಾರ್, ಬ್ಯಾಂಕ್ ಖಾತೆ ಸಂಖ್ಯೆ ಎಲ್ಲ ನನ್ನ ಹತ್ತಿರ ಇರುವಾಗ ಅಷ್ಟು ಎಚ್ಚರ ಅವರಿಗೆ ನಾನು ಸಲ್ಲಿಸಬೇಕಾದ್ದು. ಮಳೆ ಪುಸ್ತಕದ ಪ್ರತಿ ಮಾತ್ರ ಮೂರು ಕಡೆ ಇದೆ: ಇದರಲ್ಲಿ, ಮನೆಯ ಪೆನ್‌ಡ್ರೈವಿನಲ್ಲಿ, ಮಗಳ ಹತ್ತಿರ.

ಮೊಬೈಲನ್ನು ಯುಎಸ್‌ಬಿ ತಂತಿಯಲ್ಲಿ ಸಿಕ್ಕಿಸಿದರೆ ಅದೇ ನೆಟ್ ಕೊಡುತ್ತದೆ, ಬೇರೆ ಯಾವ ಡ್ರೈವರೂ ಬೇಕಾಗಲಿಲ್ಲ. ಹೊರಗಿನ ವೈಫೈಗಳನ್ನು ನಾನು ನಂಬುವುದಿಲ್ಲ.

ಮಗಳ ರೂಮಿನಲ್ಲಿ ಒಳ್ಳೆಯ ನೆಟ್ ಇರುವುದರಿಂದ ರಾತ್ರಿ ಡೆಬಿಯನ್ 13ಕ್ಕೆ ಏರಿಸಿದೆ. ಈ ತಿಂಗಳ 9ಕ್ಕೆ ಬಂದದ್ದು. 32 ಬಿಟ್‌ನ ಹಳೆಯ ಯಂತ್ರಗಳಿಗೆ ಈ ಆವೃತ್ತಿಯನ್ನು ಹೊಸದಾಗಿ ಹಾಕಲು ಬರುವುದಿಲ್ಲ. ಇದು 64 ಬಿಟ್, ಹಾಗಾಗಿ ತೊಂದರೆಯಿಲ್ಲ. ಮಲಗುವ ಮುಂಚೆ ಶುರು ಮಾಡಿದ್ದು ಒಂದು ನಿದ್ದೆ ಮುಗಿಯುವಷ್ಟರಲ್ಲಿ ಸಿದ್ಧ. ಹದಿಮೂರು ವರ್ಷದ ಯಂತ್ರದ ಮೇಲೆ ಈ ತಿಂಗಳ ತಂತ್ರಾಂಶ ಓಡುತ್ತಿದೆ. ಮಾರಿದವರು ಮರೆತ ಯಂತ್ರವನ್ನು ಬಳಸುವವರು ಸಾಕಿಕೊಂಡಿದ್ದಾರೆ.

ಇವತ್ತು ಮಧ್ಯಾಹ್ನ ಯಶವಂತಪುರದ ಕಡೆ ಹೋಗುವಾಗ ಬಸ್ಸು ಭಾರತೀಯ ವಿಜ್ಞಾನ ಸಂಸ್ಥೆಯ ಮುಂದೆ ಹಾದುಹೋಯಿತು. ಸಿಂಪ್ಯೂಟರ್ ನೆನಪಾಯಿತು. ಅಲ್ಲಿನ ಪ್ರಾಧ್ಯಾಪಕರು, ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್, ಬೆಂಗಳೂರಿನ ಎನ್‌ಕೋರ್ ಕಂಪನಿಯವರ ಜೊತೆ ಸೇರಿ ಯೋಚಿಸಿದ ಅಂಗೈ ಅಗಲದ ಯಂತ್ರ. 2001ರಲ್ಲಿ ಮಾದರಿ ತೋರಿಸಿದರು. 2004ರಲ್ಲಿ ಬಿಇಎಲ್ ಜೊತೆಗೂಡಿ ಅಮಿಡಾ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂತು, ಅಗ್ಗದ್ದರ ಬೆಲೆ ಹತ್ತು ಸಾವಿರದ ಆಸುಪಾಸು. ಒಳಗೆ ಲಿನಕ್ಸ್. ಕಡ್ಡಿಯಿಂದ ಪರದೆ ಮುಟ್ಟಿ ಬಳಸಬೇಕು, ಕನ್ನಡವೂ ಬರುತ್ತಿತ್ತು, ಓದು ಬಾರದವರಿಗೆ ಓದಿ ಹೇಳುವ ಯೋಚನೆಯೂ ಇತ್ತು. ಒಂದು ಹಳ್ಳಿಗೆ ಒಂದೇ ಇದ್ದರೂ ಪ್ರತಿಯೊಬ್ಬರೂ ತಮ್ಮ ಸ್ಮಾರ್ಟ್‌ಕಾರ್ಡ್ ಹಾಕಿ ತಮ್ಮ ಮಾಹಿತಿ ತೆಗೆಯಲಿ ಎಂದು ಕಾರ್ಡಿನ ಬಾಯಿ ಇಟ್ಟಿದ್ದರು. ಐಫೋನು ಬರುವುದಕ್ಕೆ ಮೂರು ವರ್ಷ ಮೊದಲ ಮಾತು. ಮಾರಾಟ ಅಂದುಕೊಂಡದ್ದರ ಹತ್ತಿರಕ್ಕೂ ಬರಲಿಲ್ಲ, ಸರ್ಕಾರಗಳು ದೊಡ್ಡದಾಗಿ ಕೊಳ್ಳಲಿಲ್ಲ, ಮೊಬೈಲು ಅಗ್ಗವಾಯಿತು. 2007ರಲ್ಲಿ ತೈವಾನಿನ ಏಸುಸ್ ಕಂಪನಿ ಏಳಿಂಚಿನ ಪರದೆಯ, ಲಿನಕ್ಸ್ ಹಾಕಿದ ಪುಟ್ಟ ಲ್ಯಾಪ್‌ಟಾಪ್ ಮಾರಿದಾಗ ಜಗತ್ತೇ ಅದರ ಹಿಂದೆ ಬಿತ್ತು. ಸಣ್ಣದು, ಅಗ್ಗದ್ದು, ಲಿನಕ್ಸಿನದು, ನಮ್ಮ ಭಾಷೆಯದು ಎಂಬ ಯೋಚನೆ ಅದಕ್ಕೂ ಮೊದಲೇ ನಮ್ಮ ಬೆಂಗಳೂರಿನಲ್ಲಿ ಹುಟ್ಟಿತ್ತು. ಆ ನಾಲ್ವರನ್ನು ಶಾಲೆಯ ಪಾಠದಲ್ಲಿ ಯಾಕೆ ಹೇಳುವುದಿಲ್ಲ? ಸೋತ ಯಂತ್ರವೆಂದೇ? ಅವರು ಕೇಳಿದ ಪ್ರಶ್ನೆ ಸೋತಿಲ್ಲ. ಕರೆಂಟು, ಇಂಗ್ಲಿಷು, ದುಡ್ಡು ಮೂರೂ ಕಡಿಮೆ ಇರುವ ಮನೆಗೆ ಯಾವ ಕಂಪ್ಯೂಟರ್ ಎಂಬ ಪ್ರಶ್ನೆ ಇವತ್ತಿಗೂ ನಮ್ಮ ಜಗಲಿಯಲ್ಲೇ ಕೂತಿದೆ.

ಆಗಸ್ಟ್ 21, ಗುರುವಾರ. ಬೆಂಗಳೂರು

ಎಸ್.ಪಿ. ರಸ್ತೆ. ಎರಡನೇ ಬ್ಯಾಟರಿ, ಜೀಪಿನ 12 ಓಲ್ಟಿನಿಂದ ಚಾರ್ಜ್ ಮಾಡುವ ಅಡಾಪ್ಟರ್ ಕೊಂಡೆ. ಬ್ಯಾಟರಿಯನ್ನು ಹಿಂದಿನ ಎರಡು ಚಿಲಕ ಸರಿಸಿ ಕೈಯಲ್ಲೇ ತೆಗೆಯಬಹುದು. ಅಂಗಡಿಯ ಹುಡುಗ ಹೊಸ ತೆಳು ಲ್ಯಾಪ್‌ಟಾಪ್ ತೋರಿಸಿದ. ಅದರ ಮೆಮೊರಿ ಬೋರ್ಡಿಗೇ ಬೆಸೆದಿದೆ, ಬ್ಯಾಟರಿ ಒಳಗೆ ಅಂಟಿದೆ. ನನ್ನದರ ಬಿಚ್ಚುವ ಕ್ರಮವೆಲ್ಲ ಚಿತ್ರ ಸಮೇತ ಕಂಪನಿಯೇ ಪ್ರಕಟಿಸಿದ ಕೈಪಿಡಿಯಲ್ಲಿದೆ. ಯಾವ ಸ್ಕ್ರೂ ಯಾವ ತೂತಿಗೆ ಎನ್ನುವವರೆಗೆ.

ಸೆಪ್ಟೆಂಬರ್ 8, ಸೋಮವಾರ

ಸಾಹಿತಿ ತೇಜಸ್ವಿಯವರ ಹುಟ್ಟಿದ ದಿನ. ಮೂಡಿಗೆರೆಗೆ ಗೊಬ್ಬರದ ಕೆಲಸಕ್ಕೆ ಹೋದವಳು ಬರುವಾಗ ಕೊಟ್ಟಿಗೆಹಾರದಲ್ಲಿ ಇಳಿದು ಅವರ ಹೆಸರಿನ ಪ್ರತಿಷ್ಠಾನಕ್ಕೆ ಹೋಗಿಬಂದೆ.

ಜನ ಅವರ ಕಾಡು, ಹಕ್ಕಿ, ಮೀನು ನೆನೆಯುತ್ತಾರೆ. ನನಗೆ ಅವರ ಕಂಪ್ಯೂಟರಿನ ಹಟ ನೆನಪಾಗುತ್ತದೆ. ಮೂಡಿಗೆರೆಯ ತೋಟದಲ್ಲಿ ಕೂತು, ಕನ್ನಡ ಕಂಪ್ಯೂಟರಿನಲ್ಲಿ ಸರಿಯಾಗಿ ನೆಲೆಯೂರದಿದ್ದರೆ ಮುಂದೆ ಉಳಿಗಾಲವಿಲ್ಲ ಎಂದು ಆ ಕಾಲಕ್ಕೇ ಹೇಳಿದವರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಬಂದ ಕುವೆಂಪು ತಂತ್ರಾಂಶದ ಹಿಂದೆ ಅವರ ಒತ್ತಾಸೆ ಇತ್ತು. 2007ರ ಏಪ್ರಿಲ್ 5ರಂದು ಹೋಗಿಬಿಟ್ಟರು. ಇವತ್ತು ಈ ಯಂತ್ರದ ಮೆನು, ಎಚ್ಚರಿಕೆ, ಕ್ಯಾಲೆಂಡರು ಕನ್ನಡದಲ್ಲಿ ಬರುವುದನ್ನು ಅವರು ನೋಡಬೇಕಿತ್ತು. ಡೆಬಿಯನ್ ಹಾಕುವಾಗಲೇ ಭಾಷೆಗಳ ಪಟ್ಟಿಯಲ್ಲಿ ಕನ್ನಡವಿದೆ. ಲಿಬ್ರೆಆಫೀಸಿನ ಮೆನು ಕನ್ನಡದ್ದು. ಗುಬ್ಬಿ, ನವಿಲು ಎಂಬ ಎರಡು ಅಕ್ಷರಶೈಲಿಗಳು ಮುಕ್ತವಾಗಿ ಸಿಗುತ್ತವೆ. ಅನುವಾದ ಎಲ್ಲ ಕಡೆ ಪೂರ್ತಿಯಾಗಿಲ್ಲ, ಕೆಲವು ಕಡೆ ಇಂಗ್ಲಿಷ್ ಇಣುಕುತ್ತದೆ. ಇಷ್ಟವಿರುವ ಯಾರು ಬೇಕಾದರೂ ಸೇರಿ ತುಂಬಬಹುದು.

ಟೈಪ್ ಮಾಡುವುದು ಐಬಸ್ ಎಂಬ ಸಲಕರಣೆಯಲ್ಲಿ, ಕಗಪ ಕೀಲಿಮಣೆ ವಿನ್ಯಾಸದಲ್ಲಿ. ನುಡಿ ತಂತ್ರಾಂಶದಲ್ಲಿ ಕಲಿತ ಬೆರಳು ಇಲ್ಲೂ ಹಾಗೇ ಓಡುತ್ತದೆ. ಈ ವಿನ್ಯಾಸದ ಮೂಲ ಕಿನ್ನಿಕಂಬಳದ ಕೆ.ಪಿ. ರಾವ್ ಅವರದು. ಕನ್ನಡದ ಧ್ವನಿಗೆ ಹತ್ತಿರದ ಇಂಗ್ಲಿಷ್ ಕೀಲಿ ಹುಡುಕಿ ಜೋಡಿಸಿದ ಅವರು, ಸೇಡಿಯಾಪು ಕೃಷ್ಣಭಟ್ಟರ ಹೆಸರಿನಲ್ಲಿ ತಂತ್ರಾಂಶ ಮಾಡಿ ಉಚಿತವಾಗಿಯೇ ಕೊಟ್ಟರು. ನಾಡಿಗೆ ಅವರು ಮಾಡಿದ ಉಪಕಾರವನ್ನು ದಿನಾ ಕೋಟಿಗಟ್ಟಲೆ ಅಕ್ಷರ ಒತ್ತುವ ನಾವು ಒಮ್ಮೆಯಾದರೂ ನೆನೆಯಬೇಕು.

ರಾತ್ರಿ ಒಂದು ತೊಡಕಿನ ಕೆಲಸ. ಊರಿನ ಸಂಘದ ಹಳೆಯ ನಡಾವಳಿ ಕಡತಗಳನ್ನು ತೆರೆದರೆ ತಲೆಯ ಮೇಲೆ ಗೆರೆ ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳ ಸಾಲು. ಯೂನಿಕೋಡಿಗೆ ಮುಂಚಿನ ಪದ್ಧತಿಯಲ್ಲಿ ಬರೆದವು. ಆ ಒಂದು ಅಕ್ಷರಶೈಲಿ ಇದ್ದರೆ ಮಾತ್ರ ಕನ್ನಡವಾಗಿ ಕಾಣುತ್ತವೆ. ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ, 1991ರಲ್ಲೇ, ಕನ್ನಡಕ್ಕೆ ಜಾಗ ಸಿಕ್ಕಿತ್ತು. ಆದರೂ ನಮ್ಮ ಕಚೇರಿಗಳ ಎಷ್ಟು ಕಾಲದ ಬರವಣಿಗೆ ಹೀಗೆ ಬೀಗ ಬಿದ್ದು ಕೂತಿದೆ! ಕನ್ನಡದ ಹುಡುಗರು ಬರೆದು ಹಂಚಿದ ಪರಿವರ್ತಕಕ್ಕೆ ಕೊಟ್ಟೆ, ಬಹುಪಾಲು ಸರಿಯಾಗಿ ಬಂತು. ಅರ್ಕಾವತ್ತು ಇರುವ ಪದಗಳನ್ನು ಮಾತ್ರ ಮತ್ತೆ ಕಣ್ಣಿಟ್ಟು ಓದಬೇಕು. ಹಳೆಯ ಪದ್ಧತಿಯಲ್ಲಿ ಅದನ್ನು ಕಾಣುವ ಕ್ರಮದಲ್ಲಿ ಬರೆದಿರುತ್ತಾರೆ, ಯೂನಿಕೋಡಿನಲ್ಲಿ ಉಚ್ಚರಿಸುವ ಕ್ರಮದಲ್ಲಿ ಬರಬೇಕು.

ಅಕ್ಟೋಬರ್ 14, ಮಂಗಳವಾರ

ವಿಂಡೋಸ್ 10ಕ್ಕೆ ಇವತ್ತು ಕೊನೆಯ ದಿನ, ಇನ್ನು ಮುಂದೆ ಮಾಮೂಲು ರಕ್ಷಣೆಯ ತೇಪೆಗಳು ಬರುವುದಿಲ್ಲ. ಕೆಳಗಿನ ಮನೆಯವಳು ತನ್ನ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದಳು. 2016ರದ್ದು. ಚೆನ್ನಾಗೇ ಇದೆ.

"ಅಕ್ಕ, ಇದಕ್ಕೆ ಹನ್ನೊಂದು ಹಾಕ್ಲಿಕ್ಕಾಗಲ್ಲ ಅಂತಾರೆ. ಗುಜರಿಗೆ ಹಾಕದಾ?"

ವಿಂಡೋಸ್ 11 ಟಿಪಿಎಂ 2.0 ಎಂಬ ರಕ್ಷಣೆಯ ಚಿಪ್ ಕೇಳುತ್ತದೆ, ಇಂಟೆಲ್ ಆದರೆ ಬಹುತೇಕ ಎಂಟನೇ ತಲೆಮಾರಿನ ಮೇಲಿನ ಪ್ರೊಸೆಸರ್ ಬೇಕು. ಅವಳದು ಆರನೆಯದು. ಕಬ್ಬಿಣ ಗಟ್ಟಿ ಇದ್ದರೂ ಕಾಗದದ ಮೇಲೆ ಸತ್ತಿದೆ.

ಪೆನ್‌ಡ್ರೈವಿನಿಂದ ಡೆಬಿಯನ್ ಓಡಿಸಿ ತೋರಿಸಿದೆ. ಡಿಸ್ಕನ್ನು ಮುಟ್ಟದೆ, ಹಾಕುವ ಮೊದಲೇ ಪರೀಕ್ಷೆ ಮಾಡಿ ನೋಡಬಹುದು. ವೈಫೈ ಬಂತು, ಸದ್ದು ಬಂತು, ಮಗನ ಪಾಠದ ವಿಡಿಯೋ ಓಡಿತು, ಪ್ರಿಂಟರ್ ಸಿಕ್ಕಿಸಿದರೆ ಪುಟ ಬಂತು. ಏನು ಬರುವುದಿಲ್ಲ ಎಂಬುದನ್ನೂ ಹೇಳಿದೆ. ಅವಳ ಗಂಡ ಲೆಕ್ಕಕ್ಕೆ ಬಳಸುವ ಟ್ಯಾಲಿ ವಿಂಡೋಸಿನದು. ಒಂದು ಇಲಾಖೆಯ ಅರ್ಜಿಗೆ ಬೇಕಾದ ಡಿಜಿಟಲ್ ಸಹಿಯ ಕಡ್ಡಿ ನನ್ನ ಯಂತ್ರದಲ್ಲಿ ಕೆಲಸ ಮಾಡಲಿಲ್ಲ, ಮೂಡಿಗೆರೆಯ ಸೈಬರ್ ಅಂಗಡಿಗೆ ಹೋಗಿ ಮಾಡಿಸಿದೆ. ಸರ್ಕಾರದ ಕೆಲಸಕ್ಕೆ ಒಂದು ಕಂಪನಿಯ ತಂತ್ರಾಂಶವನ್ನೇ ಕೊಳ್ಳಬೇಕು ಎಂಬ ಸ್ಥಿತಿ ಇರಬಾರದು. ನಮ್ಮ ತೆರಿಗೆಯ ದುಡ್ಡಿನಲ್ಲಿ ನಡೆಯುವ ಕಚೇರಿಯ ಬಾಗಿಲು ಎಲ್ಲ ಯಂತ್ರಗಳಿಗೂ ತೆರೆದಿರಬೇಕು.

ಅವಳು ಸ್ವಲ್ಪ ಯೋಚಿಸಿ, "ಹಾಕಿ ಅಕ್ಕ" ಎಂದಳು. ಟ್ಯಾಲಿಗೆ ಗಂಡನ ಬೇರೆ ಕಂಪ್ಯೂಟರ್ ಇದೆಯಂತೆ. ಮೊದಲು ಫೋಟೋಗಳನ್ನೆಲ್ಲ ಪೆನ್‌ಡ್ರೈವಿಗೆ ತೆಗೆದೆವು. ಕತ್ತಲಾಗುವಷ್ಟರಲ್ಲಿ ಮುಗಿಯಿತು.

ಅಕ್ಟೋಬರ್ 23, ಗುರುವಾರ

ನಿನ್ನೆ ಬಲಿಪಾಡ್ಯಮಿ. ಗೋಪೂಜೆ, ಕಡುಬು, ನೆಂಟರು. ಏನೂ ಬರೆಯಲಿಲ್ಲ. ತಮ್ಮನ ಮಗ ಬಂದಿದ್ದ, ಮಳೆ ಹಾಳೆಯಿಂದ ವರ್ಷವಾರು ರೇಖಾಚಿತ್ರ ಮಾಡಿಕೊಟ್ಟ.

ನವೆಂಬರ್ 1, ಶನಿವಾರ

ರಾಜ್ಯೋತ್ಸವ. ಶಾಲೆಯಲ್ಲಿ ಬಾವುಟ ಹಾರಿಸಿ ಬಂದೆ. ತೋಟದಲ್ಲಿ ಅರೇಬಿಕಾ ಅಲ್ಲಲ್ಲಿ ಕೆಂಪಾಗಿದೆ, ಇನ್ನು ಸ್ವಲ್ಪ ದಿನಕ್ಕೆ ಪಲ್ಪರ್ ತಿರುಗುತ್ತದೆ, ಆಮೇಲೆ ಕೂತು ಬರೆಯಲು ಪುರುಸೊತ್ತಿಲ್ಲ.

ಕಾಫಿಗೆ ಬೆಲೆ ಚೆನ್ನಾಗಿದೆ, ಈ ಸಲ ಹೊಸ ಲ್ಯಾಪ್‌ಟಾಪ್ ತಗೋ ಅಮ್ಮ ಎಂದು ಮಗಳು ಫೋನಿನಲ್ಲಿ. ಬೇಡ ಎಂದೆ. ಆ ದುಡ್ಡಿಗೆ ಹಳ್ಳದ ಟರ್ಬೈನ್ ವಿಚಾರಿಸಲು ಯಜಮಾನರಿಗೆ ಹೇಳಿದ್ದೇನೆ. ನಮ್ಮ ಗಡಿಯಲ್ಲೂ ನೀರು ಇಳಿಯುವ ಜಾಗವಿದೆ.

ಇನ್ನೊಂದು ಕೆಲಸವನ್ನು ಇವತ್ತೇ ಶುರು ಮಾಡಿದೆ. ಬೆಂಗಳೂರಿನಲ್ಲಿರುವ ನಮ್ಮ ಕಡೆಯ ಮಕ್ಕಳಿಗೆಲ್ಲ ಒಂದೇ ಸಂದೇಶ ಬರೆದೆ. ಅದನ್ನೇ ಇಲ್ಲೂ ಇಳಿಸುತ್ತೇನೆ.

"ವಿಂಡೋಸ್ ನಿಂತಿತು ಎಂದು ನಿಮ್ಮ ಹಳೆಯ ಲ್ಯಾಪ್‌ಟಾಪನ್ನು ಗುಜರಿಗೆ ಹಾಕಬೇಡಿ, ಬೀರುವಿನಲ್ಲಿ ಬೂಷ್ಟು ಹಿಡಿಯಲೂ ಬಿಡಬೇಡಿ. ಚಾರ್ಜರ್ ಸಮೇತ ಊರಿಗೆ ಬರುವ ಯಾರ ಕೈಲಾದರೂ ಕಳಿಸಿ. ನಿಮ್ಮ ಫೋಟೋ, ಕಾಗದ ಎಲ್ಲ ತೆಗೆದುಕೊಂಡು, ಡಿಸ್ಕ್ ಅಳಿಸಿ ಕೊಡಿ. ಲಿನಕ್ಸ್, ಕನ್ನಡ ಕೀಲಿಮಣೆ, ನೆಟ್ ಇಲ್ಲದೆ ಓದುವ ಕನ್ನಡ ವಿಕಿಪೀಡಿಯ ಹಾಕಿ ಇಲ್ಲಿನ ಮಕ್ಕಳಿಗೆ ಕೊಡುವ ಕೆಲಸ ನನ್ನದು. ಮುಂದಿನ ಜೂನಿಗೆ ಮೊದಲು ಬರಲಿ."